ನಮ್ಮ ವಶಕ್ಕೆ ಬಂದ ಮೂಕಪ್ರಾಣಿ

ಆಧಾರ ವಚನ: ಜ್ಞಾನೋಕ್ತಿಗಳು 12:10



ಮೇಲೆ ತೋರಿಸಿದ ವಚನದಲ್ಲಿ ಜ್ಞಾನಿಯಾದ ಸೊಲೊಮೋನನು ನೀತಿವಂತನ ಒಂದು ಗುರುತನ್ನು ಹೇಳಿದ್ದಾನೆ. ಆ ಗುರುತು ದೇವಾಲಯದಲ್ಲಿ ಕಾಣುವಂಥದ್ದಲ್ಲ, ಹತ್ತು ಮಂದಿಯ ಮುಂದೆ ಕಾಣುವಂಥದ್ದೂ ಅಲ್ಲ. ಮನೆಯ ಹಿತ್ತಲಲ್ಲಿ ಕಾಣತಕ್ಕದ್ದು. ತನ್ನ ಪ್ರಾಣಿಯ ಜೀವಕ್ಕೆ ಏನು ಬೇಕೆಂಬದನ್ನು ಅರಿತು ನಡೆಯುವವನೇ ನೀತಿವಂತನು ಎಂಬದು ಅವನ ಮಾತಿನ ತಾತ್ಪರ್ಯ. ಎತ್ತು, ಹಸು, ಕುರಿಗಳ ವಿಷಯದಲ್ಲಿ ಇದನ್ನು ನಮ್ಮ ಒಕ್ಕಲುಮಕ್ಕಳಿಗೆ ಬೋಧಿಸುವ ಅವಶ್ಯವಿಲ್ಲ. ಎತ್ತು ಬಡವಾದರೆ ಉಳುಮೆ ನಿಲ್ಲುವದೆಂದು ಅವರು ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಹಾಲು ಕೊಡದ, ನೊಗ ಹೊರದ, ಸಂತೆಯಲ್ಲಿ ಬೆಲೆ ಬಾರದ ಒಂದು ಪ್ರಾಣಿಯು ಪ್ರತಿಯೊಂದು ಕೇರಿಯಲ್ಲಿಯೂ ಇರುತ್ತದೆ. ಅದೇ ನಾಯಿ. ಈ ತಿಂಗಳು ಅದರ ವಿಷಯವಾಗಿ ಮಾತಾಡಲು ಅಪೇಕ್ಷಿಸುತ್ತೇವೆ. ಉಪದೇಶಿಗೆ ಬೇರೆ ವಿಷಯ ಸಿಕ್ಕಲಿಲ್ಲವೋ ಎಂದು ಕೆಲವರು ನಗಬಹುದು. ನಕ್ಕರೂ ಕಡೆಯ ವರೆಗೆ ಓದಬೇಕೆಂದು ಬೇಡಿಕೊಳ್ಳುತ್ತೇವೆ. ಯಾಕಂದರೆ ಇದರಲ್ಲಿ ನಮ್ಮದೇ ಒಂದು ತಪ್ಪಿನ ಅರಿಕೆಯೂ ಇದೆ.

ಸತ್ಯವೇದದಲ್ಲಿ ನಾಯಿಗೆ ಒಳ್ಳೆಯ ಹೆಸರು ಬಹಳವಿಲ್ಲವೆಂಬದು ನಿಜವೇ. ತನ್ನನ್ನು ತಾನೇ ತಗ್ಗಿಸಿಕೊಳ್ಳುವವನು ಸತ್ತ ನಾಯಿಗೆ ತನ್ನನ್ನು ಹೋಲಿಸಿಕೊಂಡನು. ಎಚ್ಚರವಿಲ್ಲದ ಕಾವಲುಗಾರರನ್ನು ಯೆಶಾಯನು ಬೊಗಳಲಾರದ ನಾಯಿಗಳೆಂದು ಗದರಿಸಿದನು. ಆದರೂ ಯೋಬನು ತನ್ನ ಮಂದೆಯನ್ನು ಕಾಯುತ್ತಿದ್ದ ನಾಯಿಗಳ ಮಾತನ್ನು ಎತ್ತುತ್ತಾನೆ. ಕಾನಾನ್ಯ ಸ್ತ್ರೀಯು ಮೇಜಿನ ಕೆಳಗೆ ಬೀಳುವ ತುಣುಕುಗಳನ್ನು ತಿನ್ನುವ ಮನೆಯ ನಾಯಿಮರಿಗಳನ್ನು ನೆನಪಿಸಿದಾಗ, ಕರ್ತನು ಅವಳ ನಂಬಿಕೆಯನ್ನು ಬಹಳವಾಗಿ ಮೆಚ್ಚಿಕೊಂಡನು. ಇನ್ನು ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನು ನೋಡಿರಿ. ಆ ಮನೆಯಲ್ಲಿ ಉಂಡು ಉಟ್ಟು ಸುಖವಾಗಿದ್ದವನು ಅವನ ಕಡೆಗೆ ತಿರುಗಿದನೆಂದು ಬರೆದಿಲ್ಲ. ಅವನ ಹುಣ್ಣುಗಳ ಬಳಿಗೆ ಬಂದವುಗಳು ನಾಯಿಗಳೇ.

ಈಗ ನಾಯಿಯನ್ನು ಸಾಕುವದರಲ್ಲಿರುವ ಸಂತೋಷ, ಬೇಸರ, ನಷ್ಟ ಎಂಬ ಮೂರನ್ನೂ ಕ್ರಮವಾಗಿ ಆಲೋಚಿಸೋಣ.

ಮೊದಲನೆಯದು, ಸಂತೋಷ. ನಾಯಿಯ ಮರಿಯು ಕುರುಡಾಗಿ ಕಿವುಡಾಗಿ ಹುಟ್ಟುತ್ತದೆ. ಹತ್ತರಿಂದ ಹದಿನಾಲ್ಕು ದಿನಗಳ ನಂತರ ಅದು ಕಣ್ಣು ತೆರೆಯುತ್ತದೆ. ಎರಡು ತಿಂಗಳು ತುಂಬುವ ಮೊದಲು ಅದನ್ನು ತಾಯಿಯಿಂದ ಅಗಲಿಸಬಾರದು. ಹಾಗೆ ಅಗಲಿಸಿದ ಮರಿಯು ಬಲಹೀನವಾಗಿಯೂ ಅಂಜುಬುರುಕಾಗಿಯೂ ಬೆಳೆಯುವ ಸಂಭವವುಂಟು. ನಮ್ಮ ಕರಿಯನು ಕುರಿಹಟ್ಟಿಯ ಒಬ್ಬ ಗೆಳೆಯನಿಂದ ನಮ್ಮ ಮನೆಗೆ ಬಂದನು. ಮೊದಲನೆಯ ರಾತ್ರಿ ಬೆಳಗಾಗುವ ವರೆಗೂ ತಾಯಿಗಾಗಿ ಕುಂಯ್‌ಗುಟ್ಟಿದನು. ನಮ್ಮ ಮಗಳು ತನ್ನ ಹಳೆಯ ಲಂಗವನ್ನು ಮಡಿಸಿ ಅವನ ಕೆಳಗೆ ಹಾಸಿ, ಕೈಯನ್ನು ಅವನ ಮೇಲಿಟ್ಟುಕೊಂಡೇ ನಿದ್ದೆ ಹೋದಳು. ಮೂರನೆಯ ದಿನಕ್ಕೆ ಅವನು ನಮ್ಮವನಾದನು.

ಉಪದೇಶಿಯ ಕೆಲಸವು ಊರಿಂದೂರಿಗೆ ತಿರುಗುವ ಕೆಲಸ. ಕೂಟವನ್ನು ಮುಗಿಸಿ ರಾತ್ರಿ ಹಿಂದಿರುಗುವಾಗ, ಮನೆಯ ದೀಪವು ಕಾಣುವ ಮೊದಲೇ, ಕೆರೆಯ ಏರಿಯ ಮೇಲೆ ನಮ್ಮ ಕಾಲ ಸಪ್ಪಳವನ್ನು ಗುರುತಿಸಿ ಕರಿಯನು ಓಡಿ ಬರುತ್ತಿದ್ದನು. ಈ ದಿನ ಎಷ್ಟು ಜನರು ಕೂಡಿದ್ದರು, ಪ್ರಸಂಗವು ಚೆನ್ನಾಗಿತ್ತೋ ಎಂದು ಅವನು ವಿಚಾರಿಸಲಿಲ್ಲ. ನಾವು ಬಂದೆವೆಂಬದೇ ಅವನಿಗೆ ಸಾಕಾಗಿತ್ತು. ಜನರು ಕೇಳದೆ ಹೋದ ದಿನಗಳಲ್ಲಿ, ನಮ್ಮ ಮನಸ್ಸು ಕುಗ್ಗಿದ ರಾತ್ರಿಗಳಲ್ಲಿ, ಆ ಮೂಕಜೀವವು ನಮ್ಮ ಪಕ್ಕದಲ್ಲಿ ನಡೆದು ಬಂದದ್ದು ನಮಗೆ ಸಣ್ಣ ಆದರಣೆಯಾಗಿರಲಿಲ್ಲ. ಒಂದು ತುತ್ತು ಮುದ್ದೆಯ ಋಣವನ್ನು ನಾಯಿಯು ಇಷ್ಟಾಗಿ ನೆನಸುವದಾದರೆ, ದಿನದಿನದ ಆಹಾರವನ್ನು ತಂದೆಯ ಕೈಯಿಂದ ಹೊಂದುವ ನಾವು ಎಷ್ಟು ನೆನಸಬೇಕು!

ಎರಡನೆಯದು, ಬೇಸರ. ಇದನ್ನು ಮುಚ್ಚಿಟ್ಟರೆ ನಾಯಿ ಸಾಕಿದವರು ನಮ್ಮನ್ನು ನಂಬಲಾರರು. ಹಲ್ಲು ಬರುವ ಕಾಲದಲ್ಲಿ ಕರಿಯನು ನಮ್ಮ ಎರಡು ಜೊತೆ ಚಪ್ಪಲಿಗಳನ್ನೂ ಸತ್ಯವೇದದ ಚೀಲದ ಹಿಡಿಯನ್ನೂ ಅಗಿದು ಹಾಕಿದನು. ಮೆಣಸಿನ ಸಸಿಗಳ ಮಡಿಯನ್ನು ಕೆದರಿದನು. ನೆರೆಮನೆಯ ಅಜ್ಜಿಯ ಹುಂಜವನ್ನು ಹಿಡಿದನು, ಅದರ ಬೆಲೆಯನ್ನು ಕೊಟ್ಟ ಮೇಲೆಯೂ, "ಅಲ್ಲ ಉಪದೇಶಿಗಳೇ, ಊರಿಗೆಲ್ಲಾ ಬುದ್ಧಿ ಹೇಳ್ತೀರಿ, ನಿಮ್ಮ ನಾಯಿಗೆ ಒಂದು ಮಾತು ಹೇಳಬಾರದಾ?" ಎಂದು ಆಕೆ ಕೇಳಿದ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಳೆಗಾಲದಲ್ಲಿ ಉಣ್ಣೆಗಳನ್ನು ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕುವದು ನಮ್ಮ ಮನೆಯವರ ಪಾಲಿಗೆ ಬಂತು.

ಒಂದು ಸಾಯಂಕಾಲ ಕೋಪದಿಂದ ನಾವು ಕೋಲು ಎತ್ತಿ ಅವನನ್ನು ಹೊಡೆದೆವು. ಅವನು ಚಪ್ಪಲಿಯನ್ನು ಅಗಿದದ್ದು ಬೆಳಿಗ್ಗೆ. ನಾವು ಹೊಡೆದದ್ದು ಸಂಜೆ. ಆ ಪೆಟ್ಟು ಯಾವ ತಪ್ಪಿಗೆಂಬದು ನಾಯಿಗೆ ತಿಳಿಯದು. ಮಾಡುವ ಕ್ಷಣದಲ್ಲಿಯೇ ತಡೆದರೆ ಅದು ಕಲಿಯುತ್ತದೆ. ಒಳ್ಳೆಯದನ್ನು ಮಾಡಿದ ಕ್ಷಣದಲ್ಲಿಯೇ ಒಂದು ತುಂಡು ರೊಟ್ಟಿಯನ್ನು ಕೊಟ್ಟರೆ ಇನ್ನೂ ಬೇಗ ಕಲಿಯುತ್ತದೆ. ತಡವಾಗಿ ಬೀಳುವ ಪೆಟ್ಟಿನಿಂದ ಅದು ಕಲಿಯುವದು ನಮ್ಮ ಭಯವೊಂದನ್ನೇ. ಹೊಡೆದ ಆ ರಾತ್ರಿ ಅವನು ನಮ್ಮ ಕಾಲ ಬಳಿಗೇ ಬಂದು ಮಲಗಿದನು. ನಮಗೆ ನಾಚಿಕೆಯಾಯಿತು.

ಬೇಸರದಿಂದ ಹುಟ್ಟುವ ಇನ್ನೊಂದು ದೊಡ್ಡ ಪಾಪವನ್ನೂ ಇಲ್ಲಿ ಹೇಳಬೇಕು. ಹೆಣ್ಣುನಾಯಿಯು ಸುಮಾರು 63 ದಿನ ಗರ್ಭ ಧರಿಸಿ, ಒಂದೇ ಸಾರಿಗೆ ನಾಲ್ಕಾರು ಮರಿಗಳನ್ನು ಈಯುತ್ತದೆ. ಗಂಡುಮರಿಗಳನ್ನು ಯಾರಾದರೂ ಒಯ್ಯುತ್ತಾರೆ. ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಸಂತೆಮಾಳದಲ್ಲಿಯೋ ಕೆರೆಯ ಅಂಚಿನಲ್ಲಿಯೋ ಬಿಟ್ಟು ಬರುವವರುಂಟು. ಅವರಲ್ಲಿ ನಮ್ಮ ಸಭೆಯವರೂ ಉಂಟು. ಕಣ್ಣು ತೆರೆಯದ ಜೀವವನ್ನು ಬಿಸಿಲಲ್ಲಿ ಸಾಯಲು ಬಿಟ್ಟು, ಭಾನುವಾರ ಬಂದು ದಯಾಳುವಾದ ದೇವರನ್ನು ಹಾಡುವದು ಹೇಗೆ? ಪಶುವೈದ್ಯರು ಮಾಡುವ ಸಂತಾನಹರಣದ ಶಸ್ತ್ರಚಿಕಿತ್ಸೆಯಿಂದ ಈ ಕ್ರೂರತೆಯನ್ನು ಮೊದಲೇ ತಡೆಯಬಹುದು. ಅದು ಹೆಣ್ಣುನಾಯಿಗೂ ಕ್ಷೇಮ, ಊರಿಗೂ ಕ್ಷೇಮ.

ಮೂರನೆಯದು, ನಷ್ಟ. ನಾಯಿಯ ಆಯುಸ್ಸು ಚೆನ್ನಾಗಿ ಸಾಕಿದರೂ ಹತ್ತು ಹದಿಮೂರು ವರ್ಷ. ಆದಕಾರಣ ಮರಿಯನ್ನು ಎತ್ತಿಕೊಳ್ಳುವವನು ಅದನ್ನು ಹೂಳುವ ದಿನವನ್ನೂ ಅದರೊಂದಿಗೇ ಎತ್ತಿಕೊಳ್ಳುತ್ತಾನೆ. ಈ ದುಃಖವು ನಮ್ಮ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 950ನೆಯ ಇಸವಿಯ ಒಂದು ಕಲ್ಲು ಸಿಕ್ಕಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೆರನಿಗೆ ಏನು ಬೇಕೆಂದು ಅರಸನು ಕೇಳಲು, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿಕೊಂಡನು. ಆ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರನು ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಡಿಸಿದನು. ನಾಯಿಯೂ ಹಂದಿಯೂ ಸೆಣಸುವ ಚಿತ್ರವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿಗೆ ಪೂಜೆ ನಡಿಸುವದು ನಮ್ಮ ಮಾರ್ಗವಲ್ಲ. ಆದರೂ ಸಾವಿರ ವರ್ಷಗಳ ಹಿಂದೆ ಒಬ್ಬ ಯೋಧನು ತನ್ನ ನಾಯಿಗೆ ಸಲ್ಲಬೇಕಾದದ್ದನ್ನು ಮರೆಯಲಿಲ್ಲವೆಂಬದನ್ನು ಓದುವಾಗ, ನಮ್ಮ ಮನಸ್ಸು ನಮ್ಮನ್ನು ಚುಚ್ಚುತ್ತದೆ. ಯಾಕೆಂಬದನ್ನು ಹೇಳುತ್ತೇವೆ.

ಕರಿಯನು ಮರಿಯಾಗಿದ್ದಾಗ ಮೂರು ತಿಂಗಳು ತುಂಬಿದ ಮೇಲೆ ಹುಚ್ಚುರೋಗದ ಚುಚ್ಚುಮದ್ದನ್ನು ಒಮ್ಮೆ ಹಾಕಿಸಿದೆವು. ವರ್ಷಕ್ಕೊಮ್ಮೆ ಅದನ್ನು ತಪ್ಪದೆ ಹಾಕಿಸಬೇಕೆಂದು ಪಶುವೈದ್ಯರು ಹೇಳಿದ್ದರು. ಎರಡನೆಯ ವರ್ಷ ಕೂಟಗಳಿದ್ದವು. ಮೂರನೆಯ ವರ್ಷ ವೈದ್ಯರು ನಮ್ಮ ಊರಿಗೇ ಬಂದ ದಿನ ನಾವು ಬೇರೆ ಊರಿಗೆ ಹೋಗಿದ್ದೆವು. ಮುಂದಿನ ತಿಂಗಳು ನೋಡೋಣವೆಂದೆವು. ಆ ತಿಂಗಳು ಬರಲಿಲ್ಲ. ಒಂದು ರಾತ್ರಿ ಎಲ್ಲಿಂದಲೋ ಬಂದ ನಾಯಿಯೊಂದು ಹಿತ್ತಲಲ್ಲಿ ಕರಿಯನ ಮೇಲೆ ಬಿತ್ತು. ಮೂತಿಯ ಮೇಲೆ ಸಣ್ಣ ಗಾಯ. ಅರಿಸಿನ ಹಚ್ಚಿದೆವು, ಮಾಯಿತು, ಮರೆತೆವು.

ಸುಮಾರು ಆರು ವಾರಗಳ ಮೇಲೆ ಅವನು ಉಣ್ಣುವದನ್ನು ಬಿಟ್ಟನು. ಕತ್ತಲೆಯ ಮೂಲೆಯನ್ನು ಹುಡುಕಿದನು. ಬೊಗಳುವ ಧ್ವನಿಯು ಬದಲಾಯಿತು, ದವಡೆಯು ಜೋತುಬಿತ್ತು, ಜೊಲ್ಲು ಸುರಿಯಿತು. ಗಂಟಲಲ್ಲಿ ಎಲುಬು ಸಿಕ್ಕಿರಬೇಕೆಂದು ನಾವು ತಿಳಿದೆವು. ಅಷ್ಟರಲ್ಲಿ, ದಿನಾಲು ಅವನಿಗೆ ರೊಟ್ಟಿಯ ಚೂರು ಕೊಡುತ್ತಿದ್ದ ನೆರೆಮನೆಯ ಅಜ್ಜಿಯ ಮೊಮ್ಮಗಳು, ಎಂಟು ವರ್ಷದ ಮಗು, ಎಂದಿನಂತೆ ಕೈ ಚಾಚಿದಳು. ಅವನು ಆ ಕೈಯನ್ನು ಕಚ್ಚಿದನು.

ಒಬ್ಬರು ಸುಣ್ಣ ಹಚ್ಚಿರೆಂದರು, ಒಬ್ಬರು ಮೆಣಸಿನಪುಡಿ ಎಂದರು, ಒಬ್ಬರು ಮಂತ್ರಿಸುವವನ ಬಳಿಗೆ ಎಂದರು. ನಮ್ಮ ಮನೆಯವರು ಯಾರ ಮಾತನ್ನೂ ಕೇಳದೆ, ಮಗುವನ್ನು ನಲ್ಲಿಯ ಬಳಿಗೆ ಎತ್ತಿಕೊಂಡು ಹೋಗಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ಗಾಯವನ್ನು ತೊಳೆದರು. ಆ ದಿನವೇ ತಾಲ್ಲೂಕು ಆಸ್ಪತ್ರೆಯಲ್ಲಿ ಗಾಯದೊಳಕ್ಕೆ ಔಷಧವನ್ನೂ ತೋಳಿಗೆ ಚುಚ್ಚುಮದ್ದನ್ನೂ ಕೊಟ್ಟರು. ಮುಂದಿನ ಚುಚ್ಚುಮದ್ದುಗಳ ದಿನಗಳನ್ನು ಚೀಟಿಯಲ್ಲಿ ಬರೆದರು. ಒಂದು ದಿನವನ್ನೂ ತಪ್ಪಿಸದೆ ನಾವೇ ಕರೆದುಕೊಂಡು ಹೋದೆವು. ಅವನ ಜೊಲ್ಲು ತಾಗಿದ್ದ ನಾವೂ ಹಾಕಿಸಿಕೊಂಡೆವು. ಕರಿಯನನ್ನು ಪಶುವೈದ್ಯರ ಮಾತಿನಂತೆ ಕೊಟ್ಟಿಗೆಯಲ್ಲಿ ಕೂಡಿದೆವು. ಯಾರೂ ಹತ್ತಿರ ಹೋಗಲಿಲ್ಲ. ಮೂರನೆಯ ದಿನ ಅವನು ಸತ್ತನು. ನಮ್ಮ ಸಪ್ಪಳವನ್ನು ಕೆರೆಯ ಏರಿಯಲ್ಲಿ ಗುರುತಿಸುತ್ತಿದ್ದವನು, ಕಡೆಯ ದಿನ ಬಾಗಿಲ ಸಂದಿಯಿಂದ ನಾವು ಹೆಸರು ಕರೆದರೆ ನಮ್ಮನ್ನು ಅರಿಯದೆ ಹೋದನು.

ದೇವರ ದಯೆಯಿಂದ ಆ ಮಗುವಿಗೆ ಏನೂ ಆಗಲಿಲ್ಲ. ಈಗ ಶಾಲೆಗೆ ಹೋಗುತ್ತಿದ್ದಾಳೆ. ಹುಂಜದ ವಿಷಯದಲ್ಲಿ ಜಗಳವಾಡಿದ ಅಜ್ಜಿಯು ಈ ವಿಷಯದಲ್ಲಿ ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಕೆ ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಸಹೋದರರೇ, ಈ ರೋಗದ ವಿಷವು ಗಾಯದಿಂದ ನರಗಳ ದಾರಿಯಾಗಿ ಮೆದುಳಿಗೆ ಏರುತ್ತದೆ. ಏರುವ ಮೊದಲು ತಡೆಯಬಹುದು. ಗುರುತುಗಳು ಕಾಣಿಸಿದ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಬದುಕುವದು ಇಲ್ಲವೆಂದೇ ಹೇಳಬೇಕು. 1885ನೆಯ ಜುಲೈ 6ರಂದು ಪ್ಯಾರಿಸ್ ಪಟ್ಟಣದಲ್ಲಿ ಪಾಸ್ಚರ್ ಎಂಬ ಪಂಡಿತನು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲಾಗಿ ಈ ಚಿಕಿತ್ಸೆಯನ್ನು ಮಾಡಿಸಿ ಉಳಿಸಿದನು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅವನ ಹೆಸರಿನ ಸಂಸ್ಥೆಯು ಆರಂಭವಾಯಿತು. ಈಗಲಾದರೋ ಔಷಧವು ತಾಲ್ಲೂಕಿಗೇ ಬಂದಿದೆ. ನಮಗೆ ಕೊರತೆಯಾದದ್ದು ಔಷಧವಲ್ಲ, ಹಣವಲ್ಲ. ಅರ್ಧ ದಿನದ ಎಚ್ಚರ. ಊರೂರಿಗೆ ಹೋಗಿ ನಂಬಿಗಸ್ತನಾದ ಮನೆವಾರ್ತೆಯವನ ಸಾಮ್ಯವನ್ನು ಬೋಧಿಸುತ್ತಿದ್ದೆವು. ನಮ್ಮ ಬಾಗಿಲಲ್ಲಿದ್ದ ಮನೆವಾರ್ತೆಯನ್ನು ಮರೆತೆವು. ಆ ಮರೆವಿನ ಬೆಲೆಯನ್ನು ಮೂಕಪ್ರಾಣಿಯು ತೆತ್ತಿತು. ಒಂದು ಮಗುವೂ ತೆರಬೇಕಾದೀತಾಗಿತ್ತು. ಪ್ರಾಣಿಯ ಜೀವವನ್ನು ಅರಿಯುವವನು ನೆರೆಯವನ ಜೀವವನ್ನೂ ಕಾಯುತ್ತಾನೆಂಬದನ್ನು ನಾವು ಹೀಗೆ ಕಲಿತೆವು.

ಕರಿಯನನ್ನು ಆಳವಾಗಿ ಹೂಳಿದ ಸಾಯಂಕಾಲ ನಮ್ಮ ಮಗಳು, "ಅಪ್ಪಾ, ದೇವರು ಅವನನ್ನು ನೋಡ್ತಾ ಇದ್ದನಾ?" ಎಂದು ಕೇಳಿದಳು. ಕಾಸಿಗೆ ಮಾರುವ ಗುಬ್ಬಿಯೂ ತಂದೆಯ ಚಿತ್ತವಿಲ್ಲದೆ ನೆಲಕ್ಕೆ ಬೀಳುವದಿಲ್ಲವೆಂದು ಕರ್ತನು ಹೇಳಿದ್ದನ್ನು ಅವಳಿಗೆ ತಿಳಿಸಿದೆವು. ನಿನೆವೆ ಪಟ್ಟಣವನ್ನು ಉಳಿಸುವಾಗ ದೇವರು ಅಲ್ಲಿಯ ಪಶುಗಳನ್ನೂ ಲೆಕ್ಕದಲ್ಲಿ ಹಿಡಿದನೆಂದು ಯೋನನ ಗ್ರಂಥದಿಂದ ತೋರಿಸಿದೆವು. ಅದಕ್ಕಿಂತ ಹೆಚ್ಚಾಗಿ ಹೇಳಲು ನಮಗೆ ಅಧಿಕಾರವಿಲ್ಲ. ಅಷ್ಟೇ ಅವಳಿಗೆ ಸಾಕಾಯಿತು. ಆತನು ನೋಡುತ್ತಿದ್ದನೆಂಬ ಮಾತು ಅವಳಿಗೆ ಸಮಾಧಾನ, ನಮಗೆ ಎಚ್ಚರಿಕೆ.

ಹೀಗಿರಲಾಗಿ, ನಾಯಿಯನ್ನು ಸಾಕುವವರು ಇವುಗಳನ್ನು ಮನಸ್ಸಿನಲ್ಲಿಡಲಿ. ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸಿ, ತಾರೀಖನ್ನು ಮನೆಯ ಸತ್ಯವೇದದ ಮೊದಲ ಹಾಳೆಯಲ್ಲಿ ಬರೆದಿಡಿರಿ. ಬೇಸಿಗೆಯಲ್ಲಿ ನೆರಳನ್ನೂ ನೀರನ್ನೂ ಇಡಿರಿ. ದಿನವೆಲ್ಲಾ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಬೇಡಿರಿ. ಬೇಯಿಸಿದ ಕೋಳಿಯ ಎಲುಬನ್ನು ಕೊಡಬೇಡಿರಿ, ಅದು ಚೂರಾಗಿ ಕರುಳನ್ನು ಸೀಳೀತು. ಮರಿಗಳನ್ನು ಬಿಸಾಡಬೇಡಿರಿ. ನಾಯಿ ಕಚ್ಚಿದರೆ ಸೋಪು, ನೀರು, ಆಸ್ಪತ್ರೆ, ಈ ಮೂರೇ, ನಾಳೆ ಎನ್ನಬೇಡಿರಿ. ಇಷ್ಟು ಮಾಡಲಾರದವನು ಮರಿಯನ್ನು ಎತ್ತಿಕೊಳ್ಳದೆ ಇರುವದೇ ಒಳ್ಳೇದು.

ಕಳೆದ ಸುಗ್ಗಿಯಲ್ಲಿ ಆ ನೆರೆಮನೆಯ ಮಗುವೇ ಒಂದು ಹೆಣ್ಣುಮರಿಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು. ಸಂತೆಮಾಳದಲ್ಲಿ ಚೀಲದೊಳಗೆ ಸಿಕ್ಕಿದ್ದಂತೆ. ನಾವು ತಡೆದು ನಿಂತೆವು. ಆಕೆಯ ಅಜ್ಜಿಯು ಹಿಂದಿನಿಂದ ಬಂದು, "ತಕ್ಕೊಳ್ಳಿ ಉಪದೇಶಿಗಳೇ, ಈ ಸಾರಿ ಮದ್ದಿನ ದಿನ ನಾನು ಜ್ಞಾಪಿಸ್ತೀನಿ" ಎಂದಳು. ಮರಿಯು ಈಗ ನಮ್ಮ ಬಾಗಿಲಲ್ಲಿ ಮಲಗಿದೆ. ತಾರೀಖು ಬರೆದಿದೆ.

ನಮ್ಮ ಕೈಗೆ ಜೀವಗಳನ್ನು ಒಪ್ಪಿಸಿದ ಕರ್ತನು, ಅವುಗಳ ಲೆಕ್ಕವನ್ನು ಕೇಳುವ ದಿನದಲ್ಲಿ ನಾವು ನಾಚಿಕೆಪಡದಂತೆ, ಚಿಕ್ಕದರಲ್ಲಿಯೂ ನಂಬಿಗಸ್ತರಾಗಿರುವ ಮನಸ್ಸನ್ನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.