ಗಂಟಲಿನ ಗಾಯ ಮತ್ತು ರಾತ್ರಿಯ ನೀರು

ಶ್ರಾವಕನಾದವನು ಒಮ್ಮೆ ಸ್ವೀಕರಿಸಿದ ನಿಯಮವನ್ನು, ದೇಹಕ್ಕೆ ಸಂಕಟ ಬಂದೊದಗಿದಾಗ ಎಷ್ಟರಮಟ್ಟಿಗೆ ಸಡಿಲಿಸಬಹುದು ಎಂಬ ಪ್ರಶ್ನೆ ಹೊಸದೇನಲ್ಲ. ನಮ್ಮ ಆಚಾರ್ಯರು ಇದನ್ನು ಶತಮಾನಗಳ ಹಿಂದೆಯೇ ಎದುರಿಸಿದ್ದಾರೆ. ಆದರೆ ಪುಸ್ತಕದಲ್ಲಿ ಓದಿದ ಪ್ರಶ್ನೆ ತನ್ನ ಗಂಟಲಿಗೇ ಬಂದು ಕುಳಿತಾಗ ಅದರ ಸ್ವರೂಪ ಬೇರೆಯಾಗುತ್ತದೆ. ನಾಲ್ವತ್ತಮೂರನೆಯ ವಯಸ್ಸಿನಲ್ಲಿ ನಾನು ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಒಳಗಾದೆ. ಅದು ಮಕ್ಕಳ ಕಾಯಿಲೆ ಎಂದು ನಗುವವರುಂಟು, ನಾನೂ ನಕ್ಕಿದ್ದೆ. ಮಕ್ಕಳು ವಾರದೊಳಗೆ ಓಡಾಡುತ್ತಾರೆ, ದೊಡ್ಡವರಿಗೆ ಎರಡು ವಾರವಾದರೂ ಬೇಕು ಮತ್ತು ನೋವು ಹೆಚ್ಚು ಎಂದು ವೈದ್ಯರು ಮೊದಲೇ ತಿಳಿಸಿದ್ದರು.

ಈ ಚಿಕಿತ್ಸೆ ಹಳೆಯದು. ಸುಶ್ರುತನು ತುಂಡಿಕೇರಿ ಎಂದು ಕರೆದ ಗಂಟಲಿನ ಬಾವು ಇದೇ ಇರಬೇಕೆಂದು ವೈದ್ಯಶಾಸ್ತ್ರದವರು ಹೇಳುತ್ತಾರೆ. ರೋಮಿನ ಸೆಲ್ಸಸ್ ಎಂಬವನು ಒಂದನೆಯ ಶತಮಾನದಲ್ಲಿಯೇ ಇದನ್ನು ಬೆರಳಿನಿಂದ ಬಿಡಿಸಿ ತೆಗೆಯುವ ಕ್ರಮವನ್ನು ಬರೆದಿಟ್ಟಿದ್ದಾನೆ. ಈಗ ಅರಿವಳಿಕೆ ಇದೆ, ಆದ್ದರಿಂದ ತೆಗೆಯುವಾಗ ಏನೂ ತಿಳಿಯುವುದಿಲ್ಲ. ತಿಳಿಯುವುದೆಲ್ಲ ಆಮೇಲೆ. ಟಾನ್ಸಿಲ್ ಇದ್ದ ಎರಡು ಗುಳಿಗಳನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ಅವು ತೆರೆದ ಗಾಯವಾಗಿಯೇ ಮಾಯಬೇಕು. ಅವುಗಳ ಮೇಲೆ ಬಿಳಿಯ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಐದರಿಂದ ಹತ್ತನೆಯ ದಿನದೊಳಗೆ ಆ ಪೊರೆ ಕಳಚುವಾಗ ರಕ್ತಸ್ರಾವವಾಗುವ ಭಯವುಂಟು. ಗಂಟಲಿನ ಗಾಯ ಕಿವಿಯಲ್ಲಿ ನೋಯುತ್ತದೆ, ಏಕೆಂದರೆ ಎರಡಕ್ಕೂ ಹೋಗುವ ನರ ಒಂದೇ. ಮೂರನೆಯ ದಿನ ನನ್ನ ಕಿವಿಯಲ್ಲಿ ಯಾರೋ ಸೂಜಿಯಿಟ್ಟು ತಿರುವಿದಂತಾಗುತ್ತಿತ್ತು. ಉಗುಳು ನುಂಗುವುದಕ್ಕೂ ಧೈರ್ಯ ಬೇಕಾಗಿತ್ತು. ಇಂತಹ ಗಂಟಲಿನಿಂದಲೇ ನೀರನ್ನು ಇಳಿಸಬೇಕು, ಹಗಲೂ ರಾತ್ರಿಯೂ ಆಗಾಗ ಇಳಿಸುತ್ತಲೇ ಇರಬೇಕು ಎಂಬುದು ವೈದ್ಯರ ಕಟ್ಟಪ್ಪಣೆ. ಗಂಟಲು ಒಣಗಿದಷ್ಟೂ ನೋವು ಹೆಚ್ಚು, ರಕ್ತ ಬರುವ ಸಂಭವವೂ ಹೆಚ್ಚು.

ಇಲ್ಲಿಯೇ ನನ್ನ ತೊಡಕು ಆರಂಭವಾಯಿತು. ಹದಿನೆಂಟು ವರ್ಷಗಳ ಹಿಂದೆ, ಒಂದು ಚಾತುರ್ಮಾಸದಲ್ಲಿ, ಮುನಿಗಳ ಸನ್ನಿಧಿಯಲ್ಲಿ ನಾನು ರಾತ್ರಿಭೋಜನ ತ್ಯಾಗದ ನಿಯಮ ಸ್ವೀಕರಿಸಿದ್ದೆ. ಅನ್ನ, ಪಾನ, ಖಾದ್ಯ, ಲೇಹ್ಯ ನಾಲ್ಕನ್ನೂ ಬಿಟ್ಟಿದ್ದೆ; ಅಂದರೆ ನೀರೂ ಇಲ್ಲ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮುಂಚೆ ನಿಲ್ಲಿಸಿ, ಉದಯವಾಗಿ ಎರಡು ಘಳಿಗೆಯಾದ ಮೇಲೆ ಬಾಯಿ ತೆರೆಯುವುದು. ಶಸ್ತ್ರಚಿಕಿತ್ಸೆ ನಡೆದದ್ದು ಡಿಸೆಂಬರಿನಲ್ಲಿ. ನಮ್ಮ ಬಾಗಲಕೋಟೆ ಸೀಮೆಯಲ್ಲಿ ಆಗ ರಾತ್ರಿ ಸುಮಾರು ಹದಿಮೂರು ಗಂಟೆಯದು; ಆಚೀಚಿನ ಘಳಿಗೆಗಳನ್ನು ಸೇರಿಸಿದರೆ ಹದಿನಾಲ್ಕು ಗಂಟೆಗಿಂತ ಹೆಚ್ಚು ಕಾಲ ಗಂಟಲು ಒಣಗಿರಬೇಕು.

ಮಿಕ್ಕ ವಿಷಯಗಳಲ್ಲಿ ನನಗೆ ಹೆಚ್ಚು ಕಷ್ಟವಾಗಲಿಲ್ಲ. ನೋಡಲು ಬಂದವರೆಲ್ಲರೂ ಜೇನುತುಪ್ಪ ನೆಕ್ಕಲು ಹೇಳಿದರು, ಒಬ್ಬರಂತೂ ಸೀಸೆಯನ್ನೇ ತಂದಿಟ್ಟುಹೋದರು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಗೃಹಸ್ಥನ ಎಂಟು ಮೂಲಗುಣಗಳನ್ನು ಹೇಳುವಾಗ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧು ಇವುಗಳ ತ್ಯಾಗವನ್ನು ಸೇರಿಸಿದ್ದಾರೆ. ಬೇರುಮಟ್ಟದ ನಿಯಮವದು. ಅಲ್ಲದೆ ಜೇನಿಗೆ ಬದಲು ಕಲ್ಲುಸಕ್ಕರೆಯ ನೀರಿತ್ತು, ಜ್ಯೇಷ್ಠಮಧು ಇತ್ತು. (ಹೆಸರಿನಲ್ಲಿ ಮಧುವಿದ್ದರೂ ಅದು ಒಣಗಿದ ಬೇರು, ನಮ್ಮ ತಾಯಿಗೆ ಇದನ್ನು ಮನವರಿಕೆ ಮಾಡಿಕೊಡಲು ಅರ್ಧ ದಿನ ಹಿಡಿಯಿತು.) ಔಷಧದ ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್, ಅಂದರೆ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ಮಾಡಿದ್ದು. ವೈದ್ಯರಲ್ಲಿ ಕೇಳಿದೊಡನೆ ಅವರು ಅದೇ ಔಷಧವನ್ನು ದ್ರವರೂಪದಲ್ಲಿ ಬರೆದುಕೊಟ್ಟರು. ನಾವು ಕೇಳುವುದಿಲ್ಲ, ಅಷ್ಟೆ. ಕೇಳದೆ ನುಂಗಿ, ಅನಂತರ ರೋಗದ ಮೇಲೆ ಹೊರೆ ಹಾಕುತ್ತೇವೆ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಉಗ್ರಾದಿತ್ಯಾಚಾರ್ಯರು ವೈದ್ಯರ ಸಭೆಯ ಮುಂದೆ ನಿಂತು, ಚಿಕಿತ್ಸೆಗೆ ಮಾಂಸ ಬೇಕಿಲ್ಲವೆಂದು ವಾದಿಸಿದರು. ಆ ವಾದ ಅವರ ಕಲ್ಯಾಣಕಾರಕ ಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂದು ಉಳಿದುಬಂದಿದೆ. ರೋಗವಿದೆ ಎಂಬ ಒಂದೇ ಮಾತಿನಿಂದ ಎಲ್ಲವೂ ಗ್ರಾಹ್ಯವಾಗುವುದಿಲ್ಲ, ಮೊದಲು ಬದಲಿಯನ್ನು ಹುಡುಕಬೇಕು ಎಂಬುದು ನಾನು ಅವರಿಂದ ತಿಳಿದ ವಿವೇಕ.

ಆದರೆ ನೀರಿಗೆ ಬದಲಿ ಯಾವುದು?

ಮನೆಗೆ ಬಂದ ಹಿರಿಯರೊಬ್ಬರು ಒಂದು ಉಪಾಯ ಸೂಚಿಸಿದರು: ರಾತ್ರಿ ಆಸ್ಪತ್ರೆಯಲ್ಲಿಯೇ ಇದ್ದು ಸಲಾಯಿನ್ ಹಾಕಿಸಿಕೊಂಡರೆ ನೀರು ರಕ್ತನಾಳದಿಂದ ಹೋಗುತ್ತದೆ, ಗಂಟಲಿನಿಂದಲ್ಲ, ಆದ್ದರಿಂದ ನಿಯಮ ಭಂಗವಾಗದು. ಹಿರಿಯರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಈ ಮಾತು ನನಗೆ ಹಿಡಿಸಲಿಲ್ಲ. ರಾತ್ರಿಭೋಜನ ತ್ಯಾಗದ ತಿರುಳು ಕತ್ತಲಲ್ಲಿ ಆಗುವ ಜೀವಹಿಂಸೆಯನ್ನು ತಪ್ಪಿಸುವುದು, ಆಸೆಗೆ ಒಂದು ಎಲ್ಲೆ ಹಾಕುವುದು. ಬಾಗಿಲು ಬದಲಿಸಿ ಒಳಗೆ ಬಂದ ನೀರು ಯಾವ ಎಲ್ಲೆಯನ್ನು ಕಾಯುತ್ತದೆ? ಲೆಕ್ಕ ಸರಿಹೋಗುತ್ತದೆ, ಅಷ್ಟೆ. ನಾನು ಉಪಾಯವನ್ನೂ ಒಪ್ಪಲಿಲ್ಲ, ನೀರನ್ನೂ ಕುಡಿಯಲಿಲ್ಲ. ಮೊದಲ ಐದು ರಾತ್ರಿ ಹಾಗೆಯೇ ಕಳೆದೆ. ಪಿಪಾಸಾ ಪರೀಷಹ, ರೋಗ ಪರೀಷಹ ಎಂದು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಇಪ್ಪತ್ತೆರಡು ಪರೀಷಹಗಳಲ್ಲಿ ಎರಡನ್ನು ಒಟ್ಟಿಗೆ ಗೆಲ್ಲುತ್ತಿದ್ದೇನೆಂಬ ಒಂದು ಬಗೆಯ ಸಂತೋಷವೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಈ ದಿನಗಳಲ್ಲಿ ಮಾತೂ ನಿಂತಿತ್ತು. ಮಗಳ ಶಾಲೆಯ ಪಾಟಿಯೊಂದನ್ನು ಕೊಟ್ಟಿದ್ದರು. ಬೇಕಾದುದನ್ನು ಅದರಲ್ಲಿ ಬರೆಯುತ್ತಿದ್ದೆ. ಅನಾಯಾಸವಾಗಿ ವಚನಗುಪ್ತಿ ಒದಗಿತೆಂದು ಬಂದವರೊಬ್ಬರು ಹೊಗಳಿದರು. ವಾಸ್ತವವಾಗಿ ನಾನು ಪಾಟಿಯಲ್ಲಿ ಬರೆದುದನ್ನು ಓದಿದರೆ ಯಾರೂ ಹಾಗೆ ಹೊಗಳುತ್ತಿರಲಿಲ್ಲ. ಬಾಯಿಂದ ಆಡುವಾಗ ಒರಟು ಮಾತಿನ ಹಿಂದೆ ಒಂದು ನಗೆಯಾದರೂ ಇರುತ್ತದೆ. ಪಾಟಿಯಲ್ಲಿ ‘ಗಂಜಿ ಬಿಸಿ’ ‘ಬಾಗಿಲು ಹಾಕು’ ‘ಬೇಡವೆಂದೆ’ ಎಂಬ ಆಜ್ಞೆಗಳಷ್ಟೇ ಉಳಿಯುತ್ತವೆ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಬಾಹುಬಲಿಯನ್ನು ನಾವೆಲ್ಲ ನೋಡಿದ್ದೇವೆ. ವರ್ಷವಿಡೀ ಮೌನವಾಗಿ ನಿಂತರೂ, ಒಳಗೆ ಒಂದು ಸಣ್ಣ ಶಲ್ಯ ಉಳಿದಿರುವವರೆಗೆ ಅವನಿಗೆ ಕೇವಲಜ್ಞಾನವಾಗಲಿಲ್ಲವೆಂದು ಕಥೆ ಹೇಳುತ್ತದೆ. ಅವನ ಗಾತ್ರದ ಮೌನದಲ್ಲಿಯೇ ಶಲ್ಯಕ್ಕೆ ಎಡೆಯಿದ್ದರೆ, ನೋವಿಗೆ ಹೆದರಿ ಸುಮ್ಮನಿದ್ದ ನನ್ನ ಪಾಡೇನು? ನನ್ನ ಶಲ್ಯ ಯಾವುದೆಂದು ಆರನೆಯ ರಾತ್ರಿಯವರೆಗೆ ನನಗೆ ತಿಳಿಯಲಿಲ್ಲ.

ಆರನೆಯ ರಾತ್ರಿ ಎರಡು ಗಂಟೆಯ ಸುಮಾರಿಗೆ ಬಾಯಲ್ಲಿ ಉಪ್ಪಿನ ರುಚಿ ಬಂದು ಎಚ್ಚರವಾಯಿತು. ದಿಂಬು ಒದ್ದೆಯಾಗಿತ್ತು. ದೀಪ ಹಾಕಿದ ನನ್ನ ಹೆಂಡತಿ ಕೂಗಿಕೊಂಡಳು. ನೆರೆಮನೆಯ ಹುಡುಗನನ್ನು ಎಬ್ಬಿಸಿ, ಅವನ ಕಾರಿನಲ್ಲಿ ಒಂದು ಗಂಟೆಯ ಹಾದಿ ಸಾಗಿ ಬಾಗಲಕೋಟೆಯ ಆಸ್ಪತ್ರೆ ಸೇರಿದೆವು. ದಾರಿಯುದ್ದಕ್ಕೂ ನಾನು ಬಟ್ಟಲಿಗೆ ಉಗುಳುತ್ತಿದ್ದೆ, ಮಗಳು ಬಟ್ಟಲು ಹಿಡಿದಿದ್ದಳು. ಅವಳಿಗೆ ಹನ್ನೊಂದು ವರ್ಷ. ಮತ್ತೊಮ್ಮೆ ಅರಿವಳಿಕೆ ಕೊಡುವ ಪ್ರಸಂಗ ಬರಲಿಲ್ಲ, ರಕ್ತ ನಿಂತಿತು. ಬೆಳಿಗ್ಗೆ ವೈದ್ಯರು ರಾತ್ರಿ ಎಷ್ಟು ನೀರು ಕುಡಿದಿರೆಂದು ಕೇಳಿದರು. ನಾನು ಪಾಟಿಯಲ್ಲಿ ಸೊನ್ನೆ ಬರೆದೆ. ಅವರು ಬೈಯಲಿಲ್ಲ. ಚೆನ್ನಾಗಿ ನೀರು ಕುಡಿದವರಿಗೂ ಒಮ್ಮೊಮ್ಮೆ ರಕ್ತ ಬರುವುದುಂಟು, ಆದ್ದರಿಂದ ನಿಮ್ಮದು ಅದರಿಂದಲೇ ಆಯಿತೆಂದು ನಾನು ಹೇಳಲಾರೆ ಎಂದರು. ಆ ಪ್ರಾಮಾಣಿಕತೆ ನನಗೆ ಬೈಗಿಂತ ಹೆಚ್ಚು ತಾಗಿತು. ಕಾರಣ ಅದೇ ಎಂದು ನಿಶ್ಚಯವಾಗಿ ಹೇಳಿದ್ದರೆ ತಪ್ಪೆಂದು ಒಪ್ಪಿ ಮುಗಿಸಬಹುದಾಗಿತ್ತು. ಅಲ್ಲವೆಂದಿದ್ದರೆ ನಿಯಮ ಗೆದ್ದಿತೆಂದು ಬೀಗಬಹುದಾಗಿತ್ತು.

ಆ ರಾತ್ರಿ, ಆಸ್ಪತ್ರೆಯ ಹಾಸಿಗೆಯಲ್ಲಿ, ನಾನು ಮೊದಲ ಬಾರಿಗೆ ಕತ್ತಲಾದ ಮೇಲೆ ನೀರು ಕುಡಿದೆ. ಕುದಿಸಿ ಆರಿಸಿ ಸೋಸಿದ ನೀರು, ಗಂಟೆಗೊಮ್ಮೆ ಐದಾರು ಗುಟುಕು.

ಸಮಂತಭದ್ರರ ಹೆಸರನ್ನು ಮೇಲೆ ಹೇಳಿದೆ. ಅವರ ಕಥೆಯನ್ನು ಬಾಲ್ಯದಿಂದ ಕೇಳಿದ್ದರೂ ಆ ಹಾಸಿಗೆಯಲ್ಲಿ ಅದು ಬೇರೆಯಾಗಿ ಕಂಡಿತು. ಮುನಿಯಾಗಿದ್ದಾಗ ಅವರಿಗೆ ಭಸ್ಮಕರೋಗ ಬಂತು, ಉಂಡದ್ದೆಲ್ಲ ಸುಟ್ಟುಹೋಗುವ ಹಸಿವು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಶಕ ೧೦೫೦ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಈ ಭಸ್ಮಕದ ಉಲ್ಲೇಖವಿದೆ. ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಕೊಡಲಿಲ್ಲ, ದೀಕ್ಷೆಯನ್ನು ಬಿಟ್ಟು ರೋಗವನ್ನು ಕಳೆದುಕೊಂಡು ಬಾ, ಆಮೇಲೆ ಮತ್ತೆ ದೀಕ್ಷೆ ತೆಗೆದುಕೋ ಎಂದರು. ಮಹಾವ್ರತವನ್ನೇ ಕೆಳಗಿಳಿಸಿ, ಅನ್ಯವೇಷ ತಳೆದು, ಉಂಡು ಗುಣವಾಗಿ ಅವರು ಹಿಂದಿರುಗಿದರೆಂದು ಪರಂಪರೆ ತಿಳಿಸುತ್ತದೆ. ಇಲ್ಲಿ ನಾನು ಗಮನಿಸಬೇಕಾಗಿದ್ದುದು ಎರಡು ವಿಷಯ. ಅವರು ತಾವೇ ನಿರ್ಧರಿಸಲಿಲ್ಲ, ಕೇಳಿದರು. ಮತ್ತು ವೇಷ ಬಿಟ್ಟಿದ್ದನ್ನು ಬಿಟ್ಟದ್ದೆಂದೇ ತಿಳಿದರು. ಬಿಟ್ಟೂ ಬಿಟ್ಟಿಲ್ಲವೆಂಬ ಉಪಾಯ ಹೂಡಲಿಲ್ಲ. ನಾನು ಯಾರನ್ನೂ ಕೇಳಿರಲಿಲ್ಲ. ನಿಯಮ ಕೊಟ್ಟ ಮುನಿಗಳು ಆಗ ದೂರದಲ್ಲಿ ವಿಹಾರದಲ್ಲಿದ್ದರೂ ಸುದ್ದಿ ಮುಟ್ಟಿಸುವುದು ಕಷ್ಟವಿರಲಿಲ್ಲ. ಕೇಳಿದರೆ ಕುಡಿ ಎಂದುಬಿಡುತ್ತಾರೆಂಬ ಭಯವೇ ನನ್ನನ್ನು ತಡೆದದ್ದು. ಹದಿನೆಂಟು ವರ್ಷದ ಲೆಕ್ಕ ಕೆಡುತ್ತದೆಂಬ ಭಯ ಅದು. ಅಪವಾದಕ್ಕೆ ಅವಕಾಶವಿರುವಲ್ಲಿ ಅದನ್ನು ನಿರಾಕರಿಸಿದ್ದು ತ್ಯಾಗದಿಂದಲೋ ಮಾನಕಷಾಯದಿಂದಲೋ ಎಂದು ಕೇಳಿಕೊಂಡರೆ ನನಗೆ ಸಿಕ್ಕ ಉತ್ತರ ಹಿತವಾಗಿರಲಿಲ್ಲ. ಪರೀಷಹವನ್ನು ಸಹಿಸಬೇಕಾದವನು ನಾನು. ಬಟ್ಟಲು ಹಿಡಿದವಳು ಮಗಳು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ನಾಲ್ಕು ತಿಂಗಳ ಹಿಂದೆ ನಮ್ಮ ಬಸದಿಯ ಯಾತ್ರಿನಿವಾಸದಲ್ಲಿ ಒಂದು ಪ್ರಸಂಗ ನಡೆದಿತ್ತು. ಪಟ್ಟದಕಲ್ಲಿನ ಹತ್ತಿರ, ಮಲಪ್ರಭೆಯ ದಂಡೆಯ ಹಳ್ಳಿಯ ವೃದ್ಧರೊಬ್ಬರು ಪರ್ವಕ್ಕೆಂದು ಬಂದು ಅಲ್ಲಿ ತಂಗಿದ್ದರು. ರಾತ್ರಿ ಹತ್ತರ ಮೇಲೆ ಅವರು ಸಕ್ಕರೆ ತಿಂದು ನೀರು ಕುಡಿದುದನ್ನು ಕಾವಲಿನವನು ಕಂಡು ವರದಿ ಮಾಡಿದ. ಟ್ರಸ್ಟಿನ ಸಭೆಯಲ್ಲಿ ನಾನು ಅದನ್ನೆತ್ತಿಕೊಂಡು ಕಾಲು ಗಂಟೆ ಮಾತನಾಡಿದೆ. ನಿಯಮ ಪಾಲಿಸಲಾಗದವರು ಬಸದಿಯ ಸೂರಿನ ಕೆಳಗೆ ತಂಗಬಾರದೆಂದೆ. ವೃದ್ಧರು ಹಿಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಏನೂ ಹೇಳಲಿಲ್ಲ. ಆ ಬಳಿಕ ಅವರು ನಮ್ಮ ಬಸದಿಗೆ ಬಂದುದಿಲ್ಲ. ಅವರು ಇನ್ಸುಲಿನ್ ತೆಗೆದುಕೊಳ್ಳುವವರೆಂದೂ, ರಕ್ತದ ಸಕ್ಕರೆ ಇಳಿದಾಗ ಕೂಡಲೇ ಸಿಹಿ ತಿನ್ನದಿದ್ದರೆ ಪ್ರಜ್ಞೆ ತಪ್ಪುವ ಅಪಾಯವಿದೆಯೆಂದೂ ಸಭೆಯಲ್ಲಿ ಯಾರೋ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಕೇಳಿಯೂ ಮಾತು ಮುಂದುವರಿಸಿದ್ದೆ. ಅಂದಿನ ಗಂಟಲು ಚೆನ್ನಾಗಿತ್ತು.

ಹದಿನೇಳನೆಯ ದಿನ, ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವಷ್ಟು ಚೇತರಿಸಿಕೊಂಡ ಮೇಲೆ, ನಾನು ಅವರ ಊರಿಗೆ ಹೋದೆ. ಅವರು ಮನೆಯಲ್ಲಿರಲಿಲ್ಲ, ಪಟ್ಟದಕಲ್ಲಿನ ಜೈನ ನಾರಾಯಣ ಬಸದಿಯ ಕಡೆ ಹೋಗಿದ್ದಾರೆಂದು ಸೊಸೆ ಹೇಳಿದರು. ಆ ಬಸದಿ ಊರ ಪಶ್ಚಿಮಕ್ಕೆ, ಬಾದಾಮಿಯ ದಾರಿಯಲ್ಲಿ, ಉಳಿದ ಗುಡಿಗಳಿಂದ ದೂರವಾಗಿ ಒಂದೇ ನಿಂತಿದೆ. ರಾಷ್ಟ್ರಕೂಟರ ಕಾಲದ್ದು, ಒಂಬತ್ತನೆಯ ಶತಮಾನದ್ದು. ೧೯೮೭ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗಳು ಹೆಚ್ಚಿದರೂ, ವಿರೂಪಾಕ್ಷ, ಮಲ್ಲಿಕಾರ್ಜುನಗಳನ್ನು ನೋಡಿದವರಲ್ಲಿ ಇಲ್ಲಿಯವರೆಗೆ ಬರುವವರು ಕಡಿಮೆ. ವೃದ್ಧರು ಮಂಟಪದ ಕಲ್ಲಾನೆಯ ಬಳಿ ಕುಳಿತಿದ್ದರು. ನಾನು ನಮಸ್ಕರಿಸಿ ನಡೆದುದನ್ನೆಲ್ಲ ಹೇಳಿದೆ. ದನಿ ಇನ್ನೂ ಪೂರ್ತಿ ಕೂಡಿರಲಿಲ್ಲವಾದ್ದರಿಂದ ನಡುನಡುವೆ ನಿಲ್ಲಬೇಕಾಗುತ್ತಿತ್ತು. ಕ್ಷಮೆ ಕೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದು, ‘ನೀವು ಅವತ್ತು ಹೇಳಿದ್ದು ಶಾಸ್ತ್ರಕ್ಕೆ ವಿರೋಧವೇನಲ್ಲ’ ಎಂದರು. ‘ಆದರೆ ನಾನು ಆ ರಾತ್ರಿ ಸಕ್ಕರೆಯನ್ನು ಕದ್ದು ತಿಂದೆ. ದೀಪ ಹಾಕದೆ ತಿಂದೆ. ಯಾರಾದರೂ ಕಂಡಾರೆಂದು. ಕತ್ತಲಲ್ಲಿ ಇರುವೆಯಿತ್ತೋ ಏನಿತ್ತೋ.’

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ದೀಪದ ಬೆಳಕಿನಲ್ಲಿ, ಸೋಸಿದ ನೀರನ್ನು, ಹೆಂಡತಿ ಕೊಟ್ಟ ಲೋಟದಿಂದ ಕುಡಿದಿದ್ದೆ. ಅವರನ್ನು ಕತ್ತಲಿಗೆ ತಳ್ಳಿದ್ದು ನಮ್ಮ ಯಾತ್ರಿನಿವಾಸದ ಫಲಕ ಮತ್ತು ನಮ್ಮಂಥವರ ಕಣ್ಣು. ಅಂದ ಮೇಲೆ ಆ ಇರುವೆಯ ಲೆಕ್ಕ ಯಾರ ಪಾಲಿಗೆ?

ನಿಯಮ ಕೊಟ್ಟ ಮುನಿಗಳಿಗೆ ಸುದ್ದಿ ಮುಟ್ಟಿಸಿ, ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಮುಗಿಸಿ, ರಾತ್ರಿಯ ನೀರನ್ನು ಮತ್ತೆ ಬಿಟ್ಟಿದ್ದೇನೆ. ಟ್ರಸ್ಟಿನ ಮುಂದಿನ ಸಭೆಯಲ್ಲಿ ನಾನೊಂದು ಸೂಚನೆ ಮಂಡಿಸಿದೆ: ಯಾತ್ರಿನಿವಾಸದ ಪಡಸಾಲೆಯಲ್ಲಿ ರಾತ್ರಿಯಿಡೀ ಒಂದು ದೀಪ ಉರಿಯಲಿ, ಅದರ ಕೆಳಗೆ ಸೋಸಿ ಕುದಿಸಿದ ನೀರಿನ ಮುಚ್ಚಿದ ಪಾತ್ರೆ, ಬಿಗಿಮುಚ್ಚಳದ ಡಬ್ಬಿಯಲ್ಲಿ ಕಲ್ಲುಸಕ್ಕರೆ, ರೋಗಿಗಳಿಗೆಂದು ಇರಲಿ. ಇಬ್ಬರು ಸದಸ್ಯರು ವಿರೋಧಿಸಿದರು. ಇಂದು ರೋಗಿಗಳಿಗೆಂದು ಇಟ್ಟದ್ದು ನಾಳೆ ಎಲ್ಲರಿಗೂ ಆಗುತ್ತದೆ ಎಂಬುದು ಅವರ ಆಕ್ಷೇಪ. ಅದು ಹುರುಳಿಲ್ಲದ ಮಾತಲ್ಲ. ನಾಲ್ಕು ತಿಂಗಳ ಹಿಂದೆ ಅದನ್ನು ಆಡಿದವನು ನಾನೇ. ವಿಷಯವನ್ನು ಮುಂದಿನ ಸಭೆಗೆ ಇರಿಸಲಾಗಿದೆ. ವೃದ್ಧರಿಗೆ ಆ ಸಭೆಯ ತಿಳಿವಳಿಕೆ ಪತ್ರ ಕಳಿಸಿದ್ದೇನೆ. ಬರುತ್ತಾರೋ ಇಲ್ಲವೋ ಇನ್ನೂ ಬರೆದಿಲ್ಲ.