ಗ್ಯಾಸ್ಟ್ರಿಕ್ ಅಲ್ಲದ ನೋವು

ಮಂಚದ ಮೇಲೆ ಅಂಗಾತ ಮಲಗಲಾರದೆ, ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗಿ ಕುಳಿತ ರೋಗಿಯನ್ನು ಕಂಡರೆ ವೈದ್ಯರಿಗೆ ಮೊದಲು ನೆನಪಾಗುವುದು ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಮೇಲ್ಹೊಟ್ಟೆಯಲ್ಲಿ ಎದ್ದ ನೋವು ಬೆನ್ನಿಗೆ ಇರಿಯುತ್ತದೆ. ವಾಂತಿ ನಿಲ್ಲುವುದಿಲ್ಲ. ನಮ್ಮ ಮನೆಗಳಲ್ಲಾದರೋ ಎದೆಗೂ ಹೊಕ್ಕುಳಿಗೂ ನಡುವೆ ಎಲ್ಲಿ ನೊಂದರೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಒಂದು ಮಾತ್ರೆ, ಜೀರಿಗೆ ಕಷಾಯ, ಸೋಡಾ ಎನ್ನುವಷ್ಟರಲ್ಲಿ ಬೆಳಗಾಗಿರುತ್ತದೆ.

ಜಠರದ ಹಿಂದೆ ಅಡಗಿರುವ, ಗೇಣುದ್ದವೂ ಇಲ್ಲದ ಈ ಗ್ರಂಥಿ ಅನ್ನ, ಬೇಳೆ, ಎಣ್ಣೆ ಎಲ್ಲವನ್ನೂ ಅರಗಿಸುವ ರಸವನ್ನು ಸ್ರವಿಸುತ್ತದೆ. ಆ ರಸ ಸಣ್ಣ ಕರುಳು ಸೇರಿದ ಮೇಲಷ್ಟೇ ಚುರುಕಾಗಬೇಕು. ಪಿತ್ತಕೋಶದಿಂದ ಜಾರಿದ ಕಲ್ಲು ನಾಳದ ಬಾಯಿಗೆ ಸಿಕ್ಕಿಕೊಂಡಾಗ, ಅಥವಾ ವರ್ಷಗಟ್ಟಲೆಯ ಕುಡಿತ ಗ್ರಂಥಿಯನ್ನು ಕೆಡಿಸಿದ್ದಾಗ, ರಸ ಒಳಗೇ ಚುರುಕಾಗಿ ತಾನು ಹುಟ್ಟಿದ ಜಾಗವನ್ನೇ ಅರಗಿಸತೊಡಗುತ್ತದೆ. ಗ್ರಂಥಿ ತನ್ನನ್ನೇ ಅರಗಿಸಿಕೊಳ್ಳುತ್ತದೆ ಎಂದು ಪ್ರಾಗ್‌ನ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1896ರಲ್ಲೇ ಹೇಳಿದ್ದರು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದವರಿಗೂ ಈ ಅಪಾಯ ಉಂಟು.

ಹತ್ತರಲ್ಲಿ ಸುಮಾರು ಎಂಟು ಮಂದಿ ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಉಳಿದವರಲ್ಲಿ ಕೆಲವರಿಗೆ ಮೂತ್ರಪಿಂಡ, ಶ್ವಾಸಕೋಶಗಳೇ ಕೈಕೊಡುತ್ತವೆ. 48 ಗಂಟೆ ಮೀರಿಯೂ ಅವು ಚೇತರಿಸಿಕೊಳ್ಳದಿದ್ದರೆ ಜೀವಕ್ಕೇ ಸಂಚಕಾರ. ಗ್ರಂಥಿಯ ಸತ್ತ ಭಾಗಕ್ಕೆ ಸೋಂಕು ತಗಲಿದರೆ ಆಸ್ಪತ್ರೆವಾಸ ತಿಂಗಳುಗಟ್ಟಲೆ. ಈ ಉರಿಯನ್ನೇ ಆರಿಸುವ ಔಷಧಿ ಇನ್ನೂ ಬಂದಿಲ್ಲ. ಡ್ರಿಪ್, ನೋವಿನ ಮದ್ದು, ಹಗಲಿರುಳ ಕಾವಲು, ಇಷ್ಟೇ.

ನನಗೆ ಹೆಚ್ಚು ಸಂಕಟವಾಗುವುದು ಗುಣವಾಗಿ ಮನೆಗೆ ಹೋದವರನ್ನು ನೆನೆದಾಗ. ನೋವು ಹೋದರೂ ಅದರ ಮೂಲ ಹಾಗೇ ಉಳಿದಿರುತ್ತದೆ. ಕಲ್ಲಿನಿಂದ ಬಂದ ಸೌಮ್ಯ ಉರಿಯೂತವಾದರೆ ಅದೇ ದಾಖಲಾತಿಯಲ್ಲೇ ಪಿತ್ತಕೋಶ ತೆಗೆಸುವುದು ಮೇಲು ಎಂದು ನೆದರ್ಲೆಂಡ್ಸ್‌ನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿದೆ. ಆದರೂ "ನೋವು ಹೋಯ್ತಲ್ಲ, ಮಗಳ ಮದುವೆ ಮುಗೀಲಿ" ಎಂದು ಅಮ್ಮಂದಿರು ಮುಂದೂಡುತ್ತಾರೆ, ಮನೆಯವರೂ ಸುಮ್ಮನಾಗುತ್ತಾರೆ. ಕಲ್ಲು ಮದುವೆಯ ತನಕ ಕಾಯುತ್ತದೆಂದು ಯಾರು ಹೇಳಿದರು?

ಕುಡಿತದಿಂದ ಮಲಗಿದವನಿಗೆ ಸಿಗುವುದು ಬೈಗುಳ, ಆಮೇಲೆ "ಇನ್ನು ಮುಟ್ಟಬೇಡ" ಎಂಬ ಒಂದು ಮಾತು. ಆ ಮಾತಿನಷ್ಟಕ್ಕೇ ಬಿಡುವಂತಿದ್ದರೆ ಅವನು ಎಂದೋ ಬಿಡುತ್ತಿದ್ದ. ವ್ಯಸನವೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಕೇಂದ್ರವಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ವೈದ್ಯರು ಮಾತ್ರೆಗಳ ಕೆಳಗೆ ಅಂಥದೊಂದು ವಿಳಾಸವನ್ನೂ ಬರೆದು, ಜೊತೆಗೆ ಬಂದ ಹೆಂಡತಿಗೆ ಓದಿ ಹೇಳಿ ಕಳಿಸಲಿ.