ನಿರಪರಾಧಿಯೇ ಪತ್ತೇದಾರನಾಗಬೇಕೇ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡು, ಮಳೆ, ಹಿನ್ನೀರು ಕೊಲೆಯ ಕತೆಗಳಿಗೆ ಹೇಳಿ ಮಾಡಿಸಿದಂತಿವೆ. ಅಂಥ ಕತೆಗಳಲ್ಲಿ ಒಂದು ಬಗೆ ನಮಗೆಲ್ಲ ಇಷ್ಟ. ಕೊಲೆ ನಡೆಯುತ್ತದೆ, ಅನುಮಾನ ಅಮಾಯಕನ ಮೇಲೆ ಬೀಳುತ್ತದೆ. ಅವನು ತಾನೇ ಪತ್ತೇದಾರನಾಗಿ ನಿಜವಾದ ಕೊಲೆಗಾರನನ್ನು ಹಿಡಿದು ಕಳಂಕ ತೊಳೆದುಕೊಳ್ಳುತ್ತಾನೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ತಪ್ಪು ಮಾಡದವನು ಆ ಕೆಲಸ ಏಕೆ ಮಾಡಬೇಕಾಯಿತು ಎಂದು ಕೇಳುವುದಿಲ್ಲ.

ಆರೋಪ ಹೊರಿಸಿದವನೇ ಅದನ್ನು ಸಾಬೀತುಪಡಿಸಬೇಕು ಎಂಬುದು ಕಾನೂನಿನ ಸಾಮಾನ್ಯ ನಿಯಮ. ವಾಸ್ತವದಲ್ಲಿ ನಡೆಯುವುದೇನು? 2020ರಲ್ಲಿ ಕುಶಾಲನಗರ ಬಳಿಯ ಆದಿವಾಸಿಯೊಬ್ಬರ ಹೆಂಡತಿ ಕಾಣೆಯಾದರು. ದೂರು ಕೊಟ್ಟವರು ಗಂಡನೇ. ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಸಿಕ್ಕ ಅಸ್ಥಿಪಂಜರ ಆಕೆಯದೆಂದು ಹೇಳಿ ಪೊಲೀಸರು ಅವರನ್ನೇ ಕೊಲೆ ಆರೋಪದಲ್ಲಿ ಬಂಧಿಸಿದರು. ಡಿಎನ್‌ಎ ಹೊಂದಲಿಲ್ಲ. ಆದರೂ ಅವರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು, ಮೊಕದ್ದಮೆಯೂ ಮುಂದುವರಿಯಿತು. 2025ರ ಏಪ್ರಿಲ್ 1ರಂದು 'ಸತ್ತ' ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಕಾಣಿಸಿಕೊಂಡರು. ಗುರುತಿಸಿದ್ದು ಪೊಲೀಸರಲ್ಲ, ಆರೋಪಿಯ ಸ್ನೇಹಿತರು! ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವರನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಗೃಹ ಇಲಾಖೆಗೆ ಆದೇಶಿಸಿತು. ಆ ದಿನ ಸ್ನೇಹಿತರು ಆ ಹೋಟೆಲಿಗೆ ಹೋಗದಿದ್ದರೆ? ಅದೃಷ್ಟವನ್ನು ನ್ಯಾಯವೆನ್ನಲಾದೀತೇ?

ದೋಷ ಪೊಲೀಸರದ್ದು ಮಾತ್ರವಲ್ಲ. ಊರಲ್ಲಿ ಅಡಿಕೆ ಕಳುವಾದರೆ ಮೊದಲ ಅನುಮಾನ ಕೂಲಿಯವನ ಮೇಲೆ, ಇಲ್ಲವೇ ಹೊರಗಿನಿಂದ ಬಂದವನ ಮೇಲೆ. ಮಲೆನಾಡಿನ ತೋಟಗಳಲ್ಲಿ ಸಿಗಂದೂರು ದೇವಿಯ ಕಾವಲಿದೆ ಎಂಬ ಫಲಕಗಳನ್ನು ಕಾಣುತ್ತೇವೆ. ಅನುಮಾನಕ್ಕೆ ಒಳಗಾದವನು ದೇವರ ಮುಂದೆ ಆಣೆ ಮಾಡುವ ರೂಢಿಯೂ ಹಳೆಯದು. ಭಯ ಹುಟ್ಟಿಸಿ ಸತ್ಯ ಹೊರಡಿಸುವ ಆ ಕ್ರಮವನ್ನು ನ್ಯಾಯವೆಂದು ಒಪ್ಪುವುದು ಕಷ್ಟ. ಆದರೆ ಅದರಲ್ಲೊಂದು ಕಟ್ಟಳೆಯಿತ್ತು: ಆಣೆಯಾದ ಮೇಲೆ ಮತ್ತೆ ಆ ಮಾತೆತ್ತಬಾರದು. ಅನುಮಾನಕ್ಕೂ ಒಂದು ಕೊನೆಯಿತ್ತು. ಇಂದು ನ್ಯಾಯಾಲಯ ಬಿಡುಗಡೆ ಮಾಡಿದರೂ ನಮ್ಮ ನಾಲಿಗೆ ಬಿಡುಗಡೆ ಮಾಡುವುದಿಲ್ಲ. ಬಂಧನದ ಸುದ್ದಿ ಮುಖಪುಟದಲ್ಲಿ, ಖುಲಾಸೆಯ ಸುದ್ದಿ ಮೂಲೆಯಲ್ಲಿ.

ಪವಿತ್ರ ಕುರ್‌ಆನ್ ಹೇಳುವ ಪ್ರವಾದಿ ಯೂಸುಫರ(ಅ) ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಅಂಗಿ ಹಿಂದಿನಿಂದ ಹರಿದಿದ್ದರಿಂದ ಅವರು ನಿರಪರಾಧಿಯೆಂಬುದು ಸ್ಪಷ್ಟವಾಗಿತ್ತು. ಸಾಕ್ಷ್ಯವಿದ್ದೂ ಅವರು ಸೆರೆಮನೆ ಸೇರಿದರು. ವರ್ಷಗಳ ಬಳಿಕ ರಾಜನ ಕರೆ ಬಂದಾಗ ಅವರು ಓಡಿ ಹೊರಬರಲಿಲ್ಲ. ಮೊದಲು ಆ ಸ್ತ್ರೀಯರ ವಿಚಾರ ತನಿಖೆಯಾಗಲಿ ಎಂದರು. ಅವರು ಪತ್ತೇದಾರನಾಗಲಿಲ್ಲ. ತನಿಖೆ ನಡೆಸಬೇಕಾದವರಿಂದಲೇ ತನಿಖೆ ಮಾಡಿಸಿದರು. ಬೇಕಾಗಿದ್ದುದು ರಾಜನ ದಯೆಯಲ್ಲ, ಸತ್ಯದ ಘೋಷಣೆ.

ಬಾಗಿಲು ತೆರೆಯುವುದು ಬೇರೆ, ಹೆಸರನ್ನು ಹಿಂದಿರುಗಿಸುವುದು ಬೇರೆ. ಮೊದಲನೆಯದು ಸರಕಾರದ ಕೈಯಲ್ಲಿದೆ. ಎರಡನೆಯದು ಹೆಸರು ಕೆಡಿಸಿದವರೆಲ್ಲರ, ಅಂದರೆ ನಮ್ಮೆಲ್ಲರ ಸಾಲ. ಅನುಮಾನದ ಮಾತನ್ನು ಎಷ್ಟು ಮನೆಗಳಿಗೆ ಒಯ್ದೆವೋ, ಅಷ್ಟೇ ಮನೆಗಳಿಗೆ ಸತ್ಯವನ್ನೂ ಒಯ್ಯಬೇಕು. ಅಮಾಯಕನು ಪತ್ತೇದಾರನಾಗುವುದು ಕತೆಯಲ್ಲಿ ರೋಚಕ. ಬದುಕಿನಲ್ಲಿ ಅದು ಸಮಾಜವೊಂದರ ಸೋಲು.